ಗಣಕಯಂತ್ರಗಳ ಸಂರಚನಾ ಪತ್ರ ಮತ್ತು ಅದರ ಕಾಲಬದ್ಧ ನವೀಕರಣ

ದಾನಿಗಳ ಔದಾರ್ಯದಿಂದ ಶಾಲೆಗೆ ಗಣಕಯಂತ್ರಗಳು ಬರುವುದು ಸುಲಭ. ಬಂದವುಗಳನ್ನು ವರ್ಷವರ್ಷವೂ ಸುಸ್ಥಿತಿಯಲ್ಲಿ ನಡೆಯಿಸುವುದು ಕಷ್ಟ. ಒಂದೇ ಮಠದ ಆಶ್ರಯದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಶಾಲೆಗಳಿವೆಯೆಂದಿಟ್ಟುಕೊಂಡರೆ, ಈ ಕಷ್ಟದ ಸ್ವರೂಪವು ಸ್ಪಷ್ಟವಾಗುತ್ತದೆ.

ಇಂತಹ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಹೆಸರು, ಗುಪ್ತಪದ ಮೊದಲಾದ ವಿವರಗಳನ್ನು ಹಾವೇರಿಯ ಒಂದು ಸರ್ವರಿನಲ್ಲಿ ಹಾಜರಿ ಪುಸ್ತಕದಂತೆ ಕೂಡಿಡಬಹುದು. ಇದಕ್ಕೆ ಡೈರೆಕ್ಟರಿ ಸೇವೆಯೆಂದು ಹೆಸರು. ಅದನ್ನು ವಿಚಾರಿಸುವ ಎಲ್‌ಡಿಎಪಿ ಎಂಬ ಪದ್ಧತಿಯು ೧೯೯೩ರಲ್ಲಿ ಪ್ರಕಟವಾಯಿತು. ಸರ್ವರು ಎಲ್ಲಿದೆ, ಅದನ್ನು ಹೇಗೆ ಕೇಳಬೇಕು ಎಂಬುದನ್ನು ತಿಳಿಸುವ ಸಂರಚನಾ ಪತ್ರವು, ಅಂದರೆ ಪ್ರೊಫೈಲು, ಅದೇ ಡೈರೆಕ್ಟರಿಯಲ್ಲಿರುತ್ತದೆ. ಅದು ಕೇಂದ್ರ ಕಾರ್ಯಾಲಯದ ಸುತ್ತೋಲೆಯಿದ್ದಂತೆ. ಪ್ರತಿಯೊಂದು ಯಂತ್ರವೂ ಅದರ ನಕಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ.

ಸುತ್ತೋಲೆ ಬದಲಾದರೆ ನಕಲೂ ಬದಲಾಗಬೇಕಷ್ಟೆ. ಅದಕ್ಕಾಗಿ ಪತ್ರದಲ್ಲಿಯೇ ಒಂದು ಅವಧಿಯನ್ನು ನಮೂದಿಸಲಾಗುತ್ತದೆ. ಆ ಅವಧಿ ಮುಗಿದೊಡನೆ ಯಂತ್ರವು ತಾನಾಗಿ ಹೊಸ ಪತ್ರವನ್ನು ಓದಿಕೊಳ್ಳುತ್ತದೆ. ಸೋಲಾರಿಸ್ ವ್ಯವಸ್ಥೆಯಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಈ ಅವಧಿ ೧೨ ಗಂಟೆ. ಸೊನ್ನೆಯೆಂದು ಬರೆದರೆ ನವೀಕರಣವು ತಾನಾಗಿ ನಡೆಯುವುದೇ ಇಲ್ಲ. ವಿಂಡೋಸ್ ಬಳಗದ ಯಂತ್ರಗಳು ಇದೇ ಬಗೆಯ ನಿಯಮಗಳನ್ನು ಸಾಮಾನ್ಯವಾಗಿ ೯೦ ನಿಮಿಷಗಳಿಗೊಮ್ಮೆ ಓದುತ್ತವೆ. ಎಲ್ಲ ಯಂತ್ರಗಳೂ ಏಕಕಾಲಕ್ಕೆ ಸರ್ವರಿನ ಮೇಲೆ ಮುಗಿಬೀಳದಿರಲೆಂದು, ಅದಕ್ಕೆ ೩೦ ನಿಮಿಷಗಳವರೆಗಿನ ಅನಿಯತ ವಿಳಂಬವನ್ನು ಸೇರಿಸಲಾಗಿದೆ.

ಅವಧಿ ಚಿಕ್ಕದಾದರೆ ಬದಲಾವಣೆ ಬೇಗ ತಲುಪುತ್ತದೆ, ಆದರೆ ಸರ್ವರಿಗೆ ಶ್ರಮ ಹೆಚ್ಚು. ದೊಡ್ಡದಾದರೆ ಶ್ರಮ ಕಡಿಮೆ, ಆದರೆ ಹಳೆಯ ನಕಲು ಬಹುಕಾಲ ಉಳಿಯುತ್ತದೆ. ಆದುದರಿಂದ ಸರ್ವರನ್ನು ಬದಲಿಸುವ ಕೆಲವು ದಿನ ಮುಂಚೆಯೇ ಅವಧಿಯನ್ನು ಕಿರಿದುಗೊಳಿಸಿ, ಹಳೆಯ ಮತ್ತು ಹೊಸ ಸರ್ವರುಗಳೆರಡನ್ನೂ ಪತ್ರದಲ್ಲಿ ನಮೂದಿಸಿ, ಕಾರ್ಯವು ನೆರವೇರಿದ ಬಳಿಕ ಮತ್ತೆ ಹಿರಿದುಗೊಳಿಸುವುದು ಯುಕ್ತ.

ಶಾಲೆಗಳಲ್ಲಿ ನಿಜವಾದ ಅಪಾಯವಿರುವುದು ಬೇಸಿಗೆಯ ರಜೆಯಲ್ಲಿ. ಬೀಗ ಹಾಕಿದ ಕೋಣೆಯಲ್ಲಿ ವಿದ್ಯುತ್ತಿಲ್ಲದೆ ನಿಂತ ಯಂತ್ರವು ಯಾವ ಸುತ್ತೋಲೆಯನ್ನೂ ಓದಲಾರದು. ಆ ದಿನಗಳಲ್ಲಿ ಹಾವೇರಿಯ ಹಳೆಯ ಸರ್ವರನ್ನು ತೆಗೆದುಬಿಟ್ಟರೆ, ಶಾಲೆ ತೆರೆದ ದಿನ ಬ್ಯಾಡಗಿಯ ಯಂತ್ರಗಳು ಇಲ್ಲದ ವಿಳಾಸವನ್ನೇ ಹುಡುಕುತ್ತವೆ. ಹೊಸ ಪತ್ರವನ್ನು ಪಡೆಯುವ ದಾರಿಯೂ ಆ ವಿಳಾಸವೇ ಆಗಿರುವುದರಿಂದ ಅವು ತಾವಾಗಿ ಸರಿಹೋಗಲಾರವು. ರಾಣೆಬೆನ್ನೂರಿನ ಮಕ್ಕಳು ತಮ್ಮ ಹೆಸರನ್ನು ಸರಿಯಾಗಿ ಬರೆದರೂ ಯಂತ್ರವು ಅವರನ್ನು ಗುರುತಿಸದು. ಆಗ ಶಿಕ್ಷಕರು ಒಂದೊಂದು ಯಂತ್ರದ ಮುಂದೆಯೂ ಕುಳಿತು ಕೈಯಾರೆ ತಿದ್ದಬೇಕಾಗುತ್ತದೆ.

ಆದ್ದರಿಂದ ರಜೆ ಮುಗಿದು ಎಲ್ಲ ಯಂತ್ರಗಳೂ ಒಮ್ಮೆ ಹೊಸ ಪತ್ರವನ್ನು ಓದಿಕೊಳ್ಳುವವರೆಗೆ ಹಳೆಯ ಸರ್ವರನ್ನು ಉಳಿಸಿಕೊಳ್ಳಬೇಕು. ಪರೀಕ್ಷೆಯ ವಾರದಲ್ಲಿ ಪತ್ರವನ್ನು ಬದಲಿಸಲೇಬಾರದು. ಯಾವ ಯಂತ್ರವು ಎಂದು ನವೀಕರಣಗೊಂಡಿತೆಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಯಂತ್ರವನ್ನು ಕೊಟ್ಟವರ ದಾನವು ಸಾರ್ಥಕವಾಗುವುದು, ಅದನ್ನು ಕಾಯ್ದುಕೊಳ್ಳುವವರ ಇಂತಹ ಸದ್ದಿಲ್ಲದ ಕಾಯಕದಿಂದಲೇ.