ಫೀಸಿಲ್ಲದ ಓದಿನ ಖರ್ಚು

ದೇರೆಬೈಲ್‌ನಂತಹ ಮಂಗಳೂರಿನ ಬಡಾವಣೆಗಳಿಗೆ ಪರದೇಶ ಹೊಸತಲ್ಲ. ಹಾಗಾಗಿ ಜರ್ಮನಿಯಲ್ಲಿ ಓದುವ ಮಗಳು ಫೋನಿನಲ್ಲಿ ಬೇಸರ ತೋಡಿಕೊಂಡರೆ, ‘ಗಲ್ಫ್‌ಗೆ ಹೋದವರು ಮರುಭೂಮಿಯಲ್ಲೇ ಬಾಳಲಿಲ್ಲವೇ’ ಎಂಬ ಮಾತು ಬರುತ್ತದೆ. ಈ ಹೋಲಿಕೆ ಸರಿಯಲ್ಲ. ಅವರು ದುಡಿಯಲು ಹೋದರು. ವಿದ್ಯಾರ್ಥಿ ಹೋಗುವುದು ಖರ್ಚು ಮಾಡಲು, ಅದೂ ಅನೇಕ ಬಾರಿ ಸಾಲದ ಹಣವನ್ನು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ 2024ರ ಸೆಪ್ಟೆಂಬರ್‌ನಿಂದ ವೀಸಾಕ್ಕೆ ವರ್ಷದ ಖರ್ಚೆಂದು 11,904 ಯೂರೋ ತೋರಿಸಬೇಕು. ತಿಂಗಳಿಗಿಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿಟ್ಟರೆ ಕೈಗೆ ಬರುವುದು ತಿಂಗಳಿಗೆ 992 ಯೂರೋ. ಕಡ್ಡಾಯ ಆರೋಗ್ಯ ವಿಮೆ, ಬಾಡಿಗೆ, ಊಟ ಎಲ್ಲ ಅದರಲ್ಲೇ ಆಗಬೇಕು. ವಿದ್ಯಾರ್ಥಿನಿಲಯದ ಕೋಣೆಗೆ ದೊಡ್ಡ ನಗರಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಅಕ್ಕಿ ತರಲು ಮರೆತರೆ ಮರುದಿನ ಬ್ರೆಡ್ಡೇ ಗತಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಒಂದೊಂದೂ ಚಿಕ್ಕದೇ, ಆದರೆ ದಿನವೂ ಸೇರಿ ಮನಸ್ಸನ್ನು ಕುಗ್ಗಿಸುತ್ತವೆ.

‘ಪಾರ್ಟ್‌ಟೈಮ್ ಕೆಲಸ ಮಾಡಲಿ’ ಎನ್ನುವವರಿದ್ದಾರೆ. ಕಾನೂನು ಬಿಡುವುದು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾತ್ರ; ಜರ್ಮನ್ ಭಾಷೆ ಬಾರದಿದ್ದರೆ ಕೆಲಸ ಸಿಗುವುದೂ ಕಷ್ಟ. ಇದರರ್ಥ ಹೋಗಬಾರದೆಂದಲ್ಲ. ಒಳ್ಳೆಯ ಪ್ರಯೋಗಾಲಯ, ಮುಂದಿನ ಉದ್ಯೋಗದ ಅವಕಾಶ ಎರಡೂ ಅಲ್ಲಿವೆ. ಆದರೆ ಬದುಕಿನ ಲೆಕ್ಕವನ್ನು ವಿಮಾನ ಹತ್ತುವ ಮೊದಲೇ ಹಾಕಬೇಕು. ಹೆತ್ತವರೇ, ಏಜೆಂಟರ ಬಳಿ ಕೋರ್ಸಿನ ಹೆಸರು ಕೇಳುವ ಮುನ್ನ ಆ ಊರಿನ ಬಾಡಿಗೆ ಎಷ್ಟೆಂದು ಕೇಳಿ. ಮಕ್ಕಳಿಗೆ ಅಡುಗೆ ಮತ್ತು ಭಾಷೆ ಇಲ್ಲೇ ಕಲಿಸಿ ಕಳಿಸಿ.