ಮಚ್ಚೆಯ ಜೊತೆ ಟ್ಯೂಬಿನ ಫೋಟೊನೂ ಕಳಿಸಿ

ಚರ್ಮದ ಡಾಕ್ಟರು ಮೊದಲು ಪರೀಕ್ಷೆ ಮಾಡೋದು ಕಣ್ಣಿನಿಂದ. ಅಲ್ಲಿ ಸ್ಟೆತಸ್ಕೋಪಿಗೆ ಅಷ್ಟೇನೂ ಕೆಲಸವಿಲ್ಲ. ಹಾಗಾಗಿ ಕೊರೊನಾ ಕಾಲದಲ್ಲಿ ಫೋನಿಗೆ ಬೇಗ ಒಗ್ಗಿಕೊಂಡ ವಿಭಾಗಗಳಲ್ಲಿ ಇದೂ ಒಂದು. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಏಪ್ರಿಲ್‌ನಲ್ಲಿ ಸರ್ಕಾರದ ಇ-ಸಂಜೀವನಿ ಒಪಿಡಿ ಶುರುವಾಯ್ತು.

ನಾನು ಬೆಂಗಳೂರಲ್ಲಿ ವರ್ಕ್ ಫ್ರಮ್ ಹೋಮ್, ಅಮ್ಮ ಹಾಸನದ ಹತ್ತಿರದ ಊರಲ್ಲಿ. ಲಾಕ್‌ಡೌನ್‌ನಲ್ಲಿ ಅಮ್ಮನ ಸೊಂಟದ ಸುತ್ತ ಹುಳುಕಡ್ಡಿ ಎದ್ದಿತು. ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದರು. "ಎರಡೇ ದಿನಕ್ಕೆ ತುರಿಕೆ ನಿಲ್ತು ಕಣೋ" ಅಂದ್ರು. ಟ್ಯೂಬ್ ಮುಗಿಯೋ ಹೊತ್ತಿಗೆ ಅದು ಹೊಟ್ಟೆಯವರೆಗೂ ಹರಡಿತ್ತು.

ಆಸ್ಪತ್ರೆಯೊಂದರ ವಿಡಿಯೊ ಅಪಾಯಿಂಟ್‌ಮೆಂಟ್ ತಗೊಂಡೆವು. ಡಾಕ್ಟರು ಮಚ್ಚೆ ನೋಡಿದವರೇ ಕೇಳಿದ್ದು, "ಏನು ಹಚ್ಚಿದ್ರಿ ಅಮ್ಮ? ಟ್ಯೂಬ್ ತೋರಿಸಿ." ಅದರಲ್ಲಿ ಸ್ಟೆರಾಯ್ಡ್ ಇತ್ತು. ಹುಳುಕಡ್ಡಿಯ ಗುರುತೇ ಉಬ್ಬಿದ ಅಂಚು, ತಿಳಿಯಾದ ನಡುಭಾಗ. ಸ್ಟೆರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸಿ, ಆ ಅಂಚನ್ನೇ ಅಳಿಸಿಬಿಡುತ್ತೆ. ಒಳಗೆ ಶಿಲೀಂಧ್ರ ಮಾತ್ರ ಹಾಯಾಗಿ ಬೆಳೀತಿರುತ್ತೆ. ಟ್ಯೂಬ್ ನೋಡದೆ ಬರೀ ಮಚ್ಚೆ ನೋಡಿದ್ದರೆ ಡಾಕ್ಟರ ಕಣ್ಣೂ ಮೋಸಹೋಗಬಹುದಿತ್ತು. ಅವರು ಆ ಕ್ರೀಮ್ ನಿಲ್ಲಿಸಿ, ಬೇರೆ ಔಷಧ ಬರೆದುಕೊಟ್ಟರು. ಮಚ್ಚೆ ಮಾಯವಾದರೂ ತಾವು ಹೇಳುವವರೆಗೆ ಬಿಡಬೇಡಿ ಅಂದ್ರು.

ನೀವೂ ಹೀಗೆ ತೋರಿಸುವುದಾದರೆ ಕೆಲವು ಮಾತು:

* ನೆಟ್‌ವರ್ಕ್ ಕುಗ್ಗಿದರೆ ವಿಡಿಯೊ ಮಸುಕಾಗುತ್ತೆ. ಮೊದಲೇ ಫೋಟೊ ತೆಗೆದಿಡಿ. ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ವಿವರ ಉಳಿಯುತ್ತೆ.
* ಹಗಲಲ್ಲಿ, ಕಿಟಕಿ ಪಕ್ಕ ತೆಗೆಯಿರಿ. ಫ್ಲ್ಯಾಶ್, ಫಿಲ್ಟರ್ ಬೇಡ.
* ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ನಾಣ್ಯ ಇಟ್ಟು ಇನ್ನೊಂದು.
* ಹಚ್ಚಿದ, ನುಂಗಿದ ಔಷಧಗಳ ಹೆಸರು ಕಾಣುವಂತೆ ಒಂದು.
* ಔಷಧ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಫೋನಿಗೆ ಕಣ್ಣಿದೆ, ಕೈ ಇಲ್ಲ. ಮುಟ್ಟಿದರೂ ತಿಳಿಯದ ಬಿಳಿಚಿದ ಮಚ್ಚೆ ಕುಷ್ಠರೋಗದ ಲಕ್ಷಣವಾಗಿರಬಹುದು. ಅದನ್ನು ಮುಟ್ಟಿಯೇ ನೋಡಬೇಕು. ಬಣ್ಣ, ಆಕಾರ ಬದಲಿಸುತ್ತಿರುವ ಮಚ್ಚೆಯನ್ನೂ ನೇರವಾಗಿ ತೋರಿಸಿ. ಜ್ವರದ ಜೊತೆ ಗುಳ್ಳೆ, ಬಾಯಲ್ಲಿ ಹುಣ್ಣು, ಮುಖ ಊದಿಕೊಳ್ಳುವುದು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸೀದಾ ಆಸ್ಪತ್ರೆಗೆ ಹೊರಡಿ.