ಮೊಲದ ಲಿವರಿಗೆ ನೆಲನೆಲ್ಲಿ ಅರೆಯುವ ಮುನ್ನ

ಮುಂಗಾರು ಹಿಡಿದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಾಲುಗಳ ನಡುವೆ ನೆಲನೆಲ್ಲಿ ತಾನಾಗಿಯೇ ಏಳುತ್ತದೆ. ಹೊಲದಲ್ಲಿ ಅದು ಕಳೆ. ಮನೆಯಲ್ಲಿ ಯಾರಿಗಾದರೂ ಕಾಮಾಲೆಯಾದರೆ ಮದ್ದು. ಬೇರುಸಮೇತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸುವುದು ಹಳೆಯ ರೂಢಿ. ಹಾಗಾಗಿ ಮನೆಯಲ್ಲಿ ಸಾಕಿದ ಬಿಳಿ ಮೊಲ ಮೇವು ಬಿಟ್ಟು ಮೂಲೆ ಸೇರಿದಾಗ ‘ಲಿವರ್ ಕೆಟ್ಟಿರಬೇಕು, ಒಂದಿಷ್ಟು ನೆಲನೆಲ್ಲಿ ಹಾಕೋಣ’ ಎಂದು ತೋಚುವುದು ಸಹಜ. ಇದೇ ಜಾತಿಯ ಗಿಡಗಳ ಸತ್ವವನ್ನು ಬಾಟಲಿಗೆ ತುಂಬಿ, ಲಿವರಿಗೊಂದು ಕಿಡ್ನಿಗೊಂದು ಎಂದು ಮಾರುವವರೂ ಇದ್ದಾರೆ.

ನೆಲನೆಲ್ಲಿಗೆ ವಿಜ್ಞಾನದಲ್ಲೂ ಒಂದು ಕಥೆಯಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್-ಬಿ ವೈರಸ್ಸನ್ನು ಹೊತ್ತಿದ್ದ 37 ಮಂದಿಗೆ ನೆಲನೆಲ್ಲಿ ಪುಡಿ ಕೊಟ್ಟಾಗ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಜಗತ್ತೇ ಕಿವಿ ನಿಮಿರಿಸಿತು. ಆದರೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಲಿವರಿನ ಗಿಡಮೂಲಿಕೆಗಳ ಬಗ್ಗೆ ಉಳಿದ ಸಾಕ್ಷ್ಯದ ಬಹುಪಾಲು ಬಂದಿರುವುದು ಪ್ರಯೋಗಾಲಯದ ಇಲಿಗಳಿಂದ. ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ ವಿಷ ಕೊಟ್ಟು ಇಲಿಯ ಲಿವರ್ ಕೆಡಿಸಿ, ಮೂಲಿಕೆ ತಿಂದ ಇಲಿಗೆ ಎಷ್ಟು ಕಡಿಮೆ ಪೆಟ್ಟಾಯಿತೆಂದು ಅಳೆಯುತ್ತಾರೆ. ಮನೆಯ ಮೊಲದ ಲಿವರ್ ಆ ದಾರಿಯಲ್ಲಿ ಕೆಡುವುದಿಲ್ಲ.

ಅದು ಕೆಡುವುದು ಹೆಚ್ಚಾಗಿ ಹಸಿವಿನಿಂದ. ಮೊಲದ ಹಲ್ಲು ಬದುಕಿರುವಷ್ಟೂ ಕಾಲ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ನಾರಿನ ಹುಲ್ಲನ್ನು ದಿನವಿಡೀ ಅಗಿದರಷ್ಟೇ ಅದು ಸವೆಯುತ್ತದೆ. ಬಿಸ್ಕತ್ತು, ಅನ್ನ, ಕ್ಯಾರೆಟ್ ತುಂಡುಗಳಲ್ಲೇ ಬೆಳೆದ ಮೊಲದ ದವಡೆ ಹಲ್ಲು ಮೊನಚಾಗಿ ನಾಲಗೆಗೂ ಕೆನ್ನೆಗೂ ಚುಚ್ಚುತ್ತದೆ. ನೋವಿಗೆ ಮೇವು ಬಿಡುತ್ತದೆ. ಮೇವು ನಿಂತೊಡನೆ ಮೈಯ ಕೊಬ್ಬು ಕರಗಿ ಲಿವರಿನತ್ತ ನುಗ್ಗುತ್ತದೆ. ಮೈ ತುಂಬಿದ ಮೊಲವಾದರೆ ಒಂದೆರಡು ದಿನಗಳಲ್ಲೇ ಲಿವರ್ ಕೊಬ್ಬಿನಲ್ಲಿ ಮುಳುಗಿ ಸೋಲುತ್ತದೆ. ರೋಗ ಲಿವರಿನದು ಎಂದು ಕಂಡರೂ ಅದರ ಮೂಲ ಬಾಯಲ್ಲಿರುತ್ತದೆ. ಅಂಥ ಹೊತ್ತಿನಲ್ಲಿ ಕಹಿ ಕಷಾಯ ಕುಡಿಸುತ್ತಾ ಕಳೆದ ದಿನ ಮೊಲಕ್ಕೆ ದುಬಾರಿ.

ಕಷಾಯದ ಬದಲು ಸಿರಪ್ಪು, ಅರಿಷ್ಟ ಕೊಟ್ಟರೆ ಇನ್ನೊಂದು ತೊಡಕು. ಮೊಲದ ಸೀಕಮ್ ಎಂಬ ಚೀಲದಂಥ ಕರುಳೇ ಜೀರ್ಣಾಂಗದ ಸುಮಾರು ಶೇಕಡ 40 ಭಾಗವನ್ನು ಆಕ್ರಮಿಸಿದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಮೊಲಕ್ಕೆ ಶಕ್ತಿ ಒದಗಿಸುತ್ತವೆ. ಸಕ್ಕರೆ ಒಳಹೊಕ್ಕರೆ ಅಲ್ಲಿನ ಸಮತೋಲ ಕೆಟ್ಟು ಕ್ಲಾಸ್ಟ್ರಿಡಿಯಂ ಜಾತಿಯ ವಿಷಕಾರಿ ಜೀವಿಗಳು ಬೆಳೆಯಬಹುದು. ಅರಿಷ್ಟಗಳಲ್ಲಿ ಹುಳಿಯುವಾಗ ತಾನಾಗಿ ಹುಟ್ಟಿದ ಮದ್ಯಸಾರವೂ ಇರುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಹೋದದ್ದು ಒಳಗೇ.

ಮೊಲ ತಿಂದರೂ ಏನೂ ಆಗದ ವಿಷವೂ ಉಂಟು. ಕೆಲವು ಮೊಲಗಳ ರಕ್ತದಲ್ಲಿ ಉಮ್ಮತ್ತಿಯಲ್ಲಿರುವ ಆಟ್ರೋಪಿನ್ ಎಂಬ ವಿಷವನ್ನು ಒಡೆದುಹಾಕುವ ಕಿಣ್ವವೊಂದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ಮನುಷ್ಯನನ್ನು ಕೆಡವಬಲ್ಲ ಉಮ್ಮತ್ತಿಯ ಜಾತಿಯ ಎಲೆಗಳನ್ನು ಅಂಥ ಮೊಲ ಸಲೀಸಾಗಿ ಅರಗಿಸಿಕೊಳ್ಳುತ್ತದೆ. ಪಕ್ಕದ ಗೂಡಿನ ಮೊಲಕ್ಕೆ ಆ ಕಿಣ್ವ ಇಲ್ಲದಿರಬಹುದು. ಮನುಷ್ಯನಿಗೆ ಒಗ್ಗಿದ್ದು ಮೊಲಕ್ಕೆ, ಒಂದು ಮೊಲಕ್ಕೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಕಿಡ್ನಿಯ ವಿಷಯಕ್ಕೆ ಬಂದರೆ ಸೊಪ್ಪಿನ ಬುಟ್ಟಿಯನ್ನೇ ನೋಡಬೇಕು. ಬೇರೆ ಬಹುತೇಕ ಸಸ್ತನಿಗಳಲ್ಲಿ ಕ್ಯಾಲ್ಸಿಯಂನ ಶೇಕಡ 2ಕ್ಕಿಂತ ಕಡಿಮೆ ಮೂತ್ರದಲ್ಲಿ ಹೋಗುತ್ತದೆ. ಮೊಲದಲ್ಲಿ ಶೇಕಡ 45ರಿಂದ 60. ತಿಂದಷ್ಟೂ ಕ್ಯಾಲ್ಸಿಯಂ ಹೀರಿ, ಹೆಚ್ಚಾದುದನ್ನು ಕಿಡ್ನಿಯ ದಾರಿಯಲ್ಲಿ ಹೊರಹಾಕುವುದು ಅದರ ಪದ್ಧತಿ. ನೀರು ಸಾಲದಿದ್ದರೆ ಮೂತ್ರಕೋಶದಲ್ಲಿ ಸುಣ್ಣದ ಗಸಿ ಕೂರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಂತೆ 100 ಗ್ರಾಂ ನುಗ್ಗೆಸೊಪ್ಪಿನಲ್ಲಿ 440 ಮಿಲಿಗ್ರಾಂ, ಅಗಸೆಸೊಪ್ಪಿನಲ್ಲಿ 1130 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಾಣಂತಿಗೆ ಒಳ್ಳೆಯದೆಂದು ಮೊಲಕ್ಕೂ ದಿನಾ ನುಗ್ಗೆ ಸುರಿದರೆ ಕೆಲಸ ಕಿಡ್ನಿಯ ತಲೆಗೆ. ಬೆರಕೆ ಸೊಪ್ಪಿನಲ್ಲಿ ಬರುವ ಗೋಣಿಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಇನ್ನು ಕಿಡ್ನಿಯ ಮದ್ದೆಂದು ಹೆಸರಾದ ನೆಗ್ಗಿಲು! ದಕ್ಷಿಣ ಆಫ್ರಿಕಾದಲ್ಲಿ ಇದೇ ಗಿಡ ಮೇದ ಕುರಿಗಳಿಗೆ ಲಿವರ್ ಕೆಟ್ಟು, ಬಿಸಿಲಿಗೆ ಮುಖ ಊದಿ ಹಳದಿಯಾಗುವ ರೋಗ ಬರುತ್ತದೆ.

ಎಚ್.ಡಿ.ಕೋಟೆಯ ಕಾಡಂಚಿನಲ್ಲಿ ಮೇವು ಕೊಯ್ಯುವವರು ಲಂಟಾನದ ಬಗ್ಗೆ ಎಚ್ಚರವಾಗಿರಬೇಕು. ಅದರಲ್ಲಿರುವ ಲ್ಯಾಂಟಡೀನ್ ದನ, ಕುರಿಗಳ ಪಿತ್ತದ ಹರಿವನ್ನೇ ತಡೆದು ಕಾಮಾಲೆ ತರುತ್ತದೆ. ಹೊಗೆಸೊಪ್ಪಿನ ಎಲೆಯಲ್ಲಿರುವ ನಿಕೋಟಿನ್ ಬಗ್ಗೆ ಈ ತಾಲ್ಲೂಕುಗಳ ರೈತರಿಗೆ ಪಾಠ ಬೇಕಿಲ್ಲ. ಔಷಧಿ ಹೊಡೆದ ಹೊಲದ ಬದುವಿನ ಹುಲ್ಲೂ ಆ ಸಾಲಿಗೇ ಸೇರಿದ್ದು ಎಂಬುದು ಮಾತ್ರ ಮರೆತುಹೋಗುತ್ತದೆ.

ಹಾಗಾದರೆ ಕೊಡಬೇಕಾದ್ದೇನು? ಕೆ.ಆರ್.ನಗರದ ನಾಲೆ ಬದಿಯಲ್ಲೂ ಗದ್ದೆ ಬದುವಿನಲ್ಲೂ ಹಬ್ಬುವ ಗರಿಕೆಗೆ ಸಿಂಪಡಣೆ ಸೋಕದಿದ್ದರೆ ಅದಕ್ಕಿಂತ ಒಳ್ಳೆಯ ಮೂಲಿಕೆ ಮೊಲಕ್ಕಿಲ್ಲ. ಹಸಿಯದು, ಒಣಗಿಸಿದ್ದು ಎರಡೂ ಆಗುತ್ತದೆ. ಹಲ್ಲು ಸವೆಸುತ್ತದೆ, ಸೀಕಮ್ಮಿಗೆ ನಾರು ಕೊಡುತ್ತದೆ. ಜೊತೆಗೆ ಅಗಲ ಬಟ್ಟಲಲ್ಲಿ ಸದಾ ನೀರು. ಗರಿಕೆಯನ್ನು ಬಾಟಲಿಯಲ್ಲಿ ಮಾರಲಾಗದು, ಅದೊಂದೇ ಅದರ ಕೊರತೆ.

ಹುಲ್ಲು ವಾಸಿಮಾಡದ ಲಿವರ್ ರೋಗವೂ ಇದೆ. ಐಮೇರಿಯಾ ಸ್ಟೀಡೇ ಎಂಬ ಏಕಕೋಶ ಪರಾವಲಂಬಿ ಪಿತ್ತನಾಳದಲ್ಲಿ ನೆಲೆಸುತ್ತದೆ. ಹಿಕ್ಕೆ ಬಿದ್ದ ಮೇವಿನಿಂದ ಹರಡಿ ಮರಿಗಳ ಹೊಟ್ಟೆ ಉಬ್ಬಿಸುತ್ತದೆ. ಹಿಕ್ಕೆ ಪರೀಕ್ಷೆ ಮಾಡಿಸಿದರೆ ಪತ್ತೆಯಾಗುತ್ತದೆ, ಸಲ್ಫಾ ಜಾತಿಯ ಔಷಧಿಗೆ ಬಗ್ಗುತ್ತದೆ, ಗೂಡಿನ ನೆಲವನ್ನು ದಿನಾ ಗುಡಿಸಿ ಒಣಗಿಸಿದರೆ ಮರುಕಳಿಸುವುದು ಕಡಿಮೆ. ಅರ್ಧ ದಿನ ಮೇವು ಮುಟ್ಟದ, ಹಿಕ್ಕೆ ಹಾಕದ ಮೊಲವನ್ನು ಪಶು ಆಸ್ಪತ್ರೆಗೆ ಒಯ್ಯುವಾಗ ಏನೇನು ಸೊಪ್ಪು, ಕಷಾಯ ಕೊಟ್ಟಿದ್ದೀರೆಂದು ವೈದ್ಯರಿಗೆ ಹೇಳಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನಂತೂ ಬಾಯಿಗೆ ಹಾಕಬಾರದು: ಸೀಕಮ್ಮಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಲವೇ ದಿನಗಳಲ್ಲಿ ಭೇದಿಯಿಂದ ಮೊಲವೂ ಸಾಯಬಹುದು.